ಎಲ್ಲರೂ ಒಪ್ಪಿದ ಗುರಿ

‘ಎಲ್ಲರೂ ಒಪ್ಪುವ ಗುರಿ’ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬಂಡ್ರಿಯ ಆಚೆ, ಗುಡ್ಡದ ಬುಡದಲ್ಲಿ ನಮ್ಮೂರು. ಗುಡ್ಡದಿಂದ ಇಳಿಯುವ ಹಳ್ಳ ನಮ್ಮ ಕೆರೆಗೆ ಬರುತ್ತದೆ, ಕೆರೆಯ ತೂಬಿನ ಕೆಳಗೆ ನಮ್ಮ ಹೊಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕೆರೆ ತುಂಬಿ, ಹೆಚ್ಚಾದ ನೀರು ಏರಿಯ ಪಕ್ಕದ ಕೋಡಿಯಿಂದ ಹರಿಯಿತೆಂದರೆ ಭತ್ತ ಕೊಯ್ದ ಮೇಲೆ ಶೇಂಗಾಕ್ಕೂ ನೀರು ಸಿಗುತ್ತಿತ್ತು. ಈಗ ಎರಡು ಮಳೆಗೇ ಕೋಡಿ ಬೀಳುತ್ತದೆ, ಆದರೆ ಭತ್ತ ತೆನೆ ಬಿಡುವ ಹೊತ್ತಿಗೆ ತೂಬಿನಲ್ಲಿ ಹನಿ ನೀರಿರುವುದಿಲ್ಲ. ಹೋದ ವರ್ಷ ನಮ್ಮ ಭತ್ತ ಅರ್ಧಕ್ಕರ್ಧ ಜೊಳ್ಳಾಯಿತು. ಗುಡ್ಡದ ಮೇಲಿನ ಅದಿರಿನ ಗಣಿಯ ಕೆಂಪು ಮಣ್ಣು ಮಳೆಯಲ್ಲಿ ತೊಳೆದು ಬಂದು ಕೆರೆಯ ಹೊಟ್ಟೆಯಲ್ಲಿ ಹೂಳಾಗಿ ಕೂತಿದೆ. ಇದು ಊರಿಗೆಲ್ಲ ಗೊತ್ತು.

ಹಳ್ಳ, ಕೆರೆ, ಹೊಳೆ ಉಳಿಸಲು ಎಲ್ಲರೂ ಸೇರಿ ಒಂದು ಗುರಿ ಬರೆಯಬೇಕೆಂದು ಸರಕಾರದವರು ಹೊಸಪೇಟೆಯಲ್ಲಿ ಸಭೆ ಕರೆದರು. ಊರಿನವರ ಜೊತೆ ಕೆರೆ ಸಂಘದ ಸದಸ್ಯೆಯಾಗಿ ನಾನೂ ಹೋದೆ. ಕರಾವಳಿಯಿಂದ ಬಂದಿದ್ದ ತಜ್ಞರೊಬ್ಬರು ಪರದೆಯ ಮೇಲೆ ಹೊಳೆ ಸಮುದ್ರ ಸೇರುವ ಅಳಿವೆ, ಏಡಿ, ಮೀನು ತೋರಿಸಿ, ಗುಡ್ಡದ ಮಣ್ಣು ಜಾರಿದರೆ ಸಮುದ್ರದ ತನಕ ಎಲ್ಲವೂ ಕೆಡುತ್ತದೆ ಎಂದರು. ನಮ್ಮ ಮಾತು ಆಡುವವರು ಒಬ್ಬರಾದರೂ ಸಿಕ್ಕರಲ್ಲ ಎಂದು ನನಗೆ ಖುಷಿಯಾಯಿತು. ಊಟ ಮುಗಿಸಿ ಅವರು ರೈಲಿಗೆ ಹೋದರು. ಗುರಿ ಬರೆಯುವ ಕೆಲಸ ಶುರುವಾಗಿದ್ದು ಆಮೇಲೆ.

ಸಭೆ ನಡೆಸುತ್ತಿದ್ದ ಅಧಿಕಾರಿ ಒಂದು ನಿಯಮ ಹಾಕಿದರು. ಯಾರೊಬ್ಬರು ಬೇಡ ಎಂದರೂ ಆ ಮಾತು ಬರೆಯುವಂತಿಲ್ಲ. ನಾನು ಎದ್ದು, ‘ಗುಡ್ಡದ ಮಣ್ಣು ಹಳ್ಳಕ್ಕ ಬರದಂಗ ತಡೀಬೇಕ್ರಿ, ಬಂದು ಕುಂತ ಹೂಳು ತೆಗೀಬೇಕ್ರಿ’ ಎಂದೆ. ಗಣಿ ಕಡೆಯಿಂದ ಬಂದಿದ್ದವರು ಭಾರಿ ಮೆತ್ತಗೆ, ‘ಅಮ್ಮಾರ, ಮಣ್ಣಿನ ಮಾತು ಬ್ಯಾಡ್ರಿ, ಅದು ಭಾಳ ದೊಡ್ಡದು. ನೀರಿನ ಮಾತಷ್ಟ ಆಡೋಣ’ ಎಂದರು. ನಮ್ಮೂರಿನವರ ಮುಖ ನೋಡಿದೆ. ನನ್ನ ಮೈದುನ ಅದಿರಿನ ಟಿಪ್ಪರ್ ಓಡಿಸುತ್ತಾನೆ; ಅವನು ಮೊಬೈಲ್ ನೋಡುತ್ತಾ ಕೂತಿದ್ದ. ಯಾರ ಮನೆಯ ಒಲೆ ಗಣಿಯಿಂದ ಉರಿಯುತ್ತದೋ ಅವರಾರೂ ತುಟಿ ಬಿಚ್ಚಲಿಲ್ಲ. ಅವರ ಕಷ್ಟ ನನಗೆ ತಿಳಿಯದ್ದಲ್ಲ, ಆದರೂ ಅವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ.

ಕೊನೆಗೆ ಯಾರಿಗೂ ನೋವಾಗದ ಗುರಿಯೊಂದು ಸಿಕ್ಕಿತು: ‘ಪ್ರತಿವರ್ಷ ಕೆರೆ ಕೋಡಿ ಬೀಳಬೇಕು.’ ಚಪ್ಪಾಳೆಯೋ ಚಪ್ಪಾಳೆ. ‘ಕೆರೆ ತುಂಬೋದು ಬ್ಯಾಡ ಅಂತ ಯಾರಾದ್ರೂ ಅಂತಾರೇನ್ರಿ’ ಎಂದು ಅಧಿಕಾರಿ ನಕ್ಕರು. ಹೂಳು ಹೆಚ್ಚಿದಷ್ಟೂ ಕೋಡಿ ಬೇಗ ಬೀಳುತ್ತದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಚಹಾ ಬಂತು. ತಟ್ಟೆ ತುಂಬಿದರೂ ತುಂಬಿದ್ದೇ, ಕೊಡ ತುಂಬಿದರೂ ತುಂಬಿದ್ದೇ ಎನ್ನುವವರಿಗೆ ಏನು ಹೇಳುವುದು?

ಮಳೆಗಾಲ ಬಂತು, ಕೋಡಿ ಬಿತ್ತು. ಗುರಿ ಮುಟ್ಟಿತೆಂದು ಅಧಿಕಾರಿ ಜೀಪು ಹತ್ತಿ ಬಂದರು. ಕೆರೆಗೆ ಬಾಗಿನ ಬಿಟ್ಟು ಫೋಟೋ ತೆಗೆಸಿದರೆ ನಮ್ಮ ಕೆರೆಯ ಕೆಲಸ ಮುಗಿದಂತೆ, ಇನ್ನು ಹೂಳು ತೆಗೆಯುವ ಮಾತೇ ಇಲ್ಲ ಎಂದು ಸಂಘದವರು ನನಗೆ ಮೊದಲೇ ಹೇಳಿದ್ದರು. ಹೇಳಿದವರೇ ಬಾಗಿನದ ಮೊರವನ್ನು ತಂದು ನನ್ನ ಕೈಗಿಟ್ಟರು, ಸಂಘದ ಹಿರಿಯ ಮುತ್ತೈದೆ ನಾನೆಂದು. ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಶಿನ, ಕುಂಕುಮ, ಯಾವುದಕ್ಕೂ ಕೊರತೆಯಿರಲಿಲ್ಲ. ನನ್ನ ಹೊಲಕ್ಕೆ ನೀರು ಕೊಡಲಾಗದ ಕೆರೆಯನ್ನು ತುಂಬಿದೆ ಎಂದು ನನ್ನ ಕೈಯಿಂದಲೇ ಹೇಳಿಸುವ ಏರ್ಪಾಡು ಅದು.

ಏರಿಯ ಮೆಟ್ಟಿಲಲ್ಲಿ ನಿಂತು ಬಾಗಿನ ಬಿಡಬೇಕಿತ್ತು. ನಾನು ಸೀರೆ ಎತ್ತಿ ಸಿಕ್ಕಿಸಿ ನೀರಿಗಿಳಿದೆ. ಬೇಸಿಗೆಯಲ್ಲಿ ಅಲ್ಲೇ ಎಮ್ಮೆ ಮೇಯಿಸಿದವಳು ನಾನು. ಎಲ್ಲಿ ನೆಲ ಗಟ್ಟಿ ಎಂಬುದು ಕಾಲಿಗೆ ಗೊತ್ತಿತ್ತು.

‘ಅಮ್ಮಾರ, ಮುಳುಗ್ತೀರಿ, ಹೊಳ್ಳಿ ಬರ್ರಿ’ ಎಂದು ಅಧಿಕಾರಿ ಕೂಗಿದರು.

ಕೆರೆಯ ನಡುವೆ ನಿಂತು ತಿರುಗಿದೆ. ನೀರು ಮೊಣಕಾಲಿಗೆ ಬಂದಿತ್ತು.

‘ಮುಳುಗಾಕ ನೀರು ಬೇಕಲ್ರಿ ಸಾಹೇಬ್ರ.’

ಮೊರ ಹಿಡಿದುಕೊಂಡೇ ವಾಪಸು ಬಂದು ಅದನ್ನು ಜೀಪಿನ ಬಾನೆಟ್ ಮೇಲಿಟ್ಟೆ. ಹೂಳು ತೆಗೆಯುವ ತನಕ ನಾನು ಬಾಗಿನ ಬಿಡುವುದಿಲ್ಲ ಎಂದೆ. ಅಧಿಕಾರಿ ಕರವಸ್ತ್ರದಿಂದ ಮುಖ ಒರೆಸಿಕೊಂಡು, ‘ಆಯ್ತು, ಬ್ಯಾರೆ ಯಾರಾದ್ರೂ ಮುತ್ತೈದೇರು ಬರ್ರಿ, ಜಲ್ದಿ’ ಎಂದರು. ಊರಿನ ಹೆಂಗಸರೆಲ್ಲ ಅವರ ಎದುರಿಗೇ ಕೂತಿದ್ದರು, ನನ್ನ ಮೈದುನನ ಹೆಂಡತಿಯೂ ಅವರೊಳಗಿದ್ದಳು. ಯಾರೂ ಏಳಲಿಲ್ಲ.