ಬಾಡದವರೆಗೆ ಸದ್ದಿಲ್ಲದ ಸವಾರಿ

ಖಾಲಿ ಮೀನಿನ ಬುಟ್ಟಿ ಕೆಳಗಿಟ್ಟು, ಗುರುತಿಲ್ಲದ ಹೆಂಗಸೊಬ್ಬರು ಚಾರ್ಜಿಂಗ್ ಯಂತ್ರದ ಪರದೆಗೆ ತಮ್ಮ ಮೊಬೈಲ್ ಹಿಡಿದು ನನ್ನ ಎಲೆಕ್ಟ್ರಿಕ್ ಕಾರಿನ ಚಾರ್ಜಿನ ಹಣ ಕಟ್ಟಿಯೇ ಬಿಟ್ಟರು. ಕುಮಟಾದಲ್ಲಿ ಆಗ ಸಂಜೆ. ನಾನು ಮೊಬೈಲ್ ಮನೆಯಲ್ಲೇ ಮರೆತಿದ್ದೆ, ಕ್ರೆಡಿಟ್ ಕಾರ್ಡ್ ನನ್ನ ಬಳಿ ಇಲ್ಲ, ಯಂತ್ರಕ್ಕೆ ನೋಟು ಬೇಡ. ಜೇಬಿನಲ್ಲಿದ್ದ ನೋಟನ್ನು ಅವರಿಗೆ ಕೊಡಹೋದರೆ, “ದುಡ್ಡು ಎಂತಕ್ಕೆ? ಬಾಡದಲ್ಲಿ ನಮ್ಮನೆ. ಅಲ್ಲಿ ತನಕ ಬಿಡಿ, ಆತು” ಎಂದರು.

ಚಾರ್ಜ್ ಆದ ಮೇಲೆ ಹೊರಟೆವು. ಅವರು ಕಿಟಕಿಯಾಚೆ ಕೈ ಚಾಚಿ, ನೀರಿನಲ್ಲಿ ಆಡಿಸುವಂತೆ ಗಾಳಿಯಲ್ಲಿ ಬೆರಳಾಡಿಸಿದರು. “ದೋಣಿ ಇಂಜಿನ್ ಬಂದ್ ಮಾಡಿ ತೇಲ್ದಾಂಗೆ ಆತು” ಎಂದು ಕಣ್ಣು ಮುಚ್ಚಿದರು. ಆ ರಸ್ತೆಯಲ್ಲಿ ನನಗೆ ಸಮುದ್ರ ಕೇಳಿಸಿದ್ದು ಅಂದೇ ಮೊದಲು.

ಮರುದಿನ ಕಾರೆಲ್ಲ ಮೀನಿನ ವಾಸನೆ ಎಂದು ಹೆಂಡತಿ ಕಿಟಕಿ ತೆರೆದಿಟ್ಟಳು. ನಾನು ಹೋಗಿ ಮೆಲ್ಲಗೆ ಮುಚ್ಚಿ ಬಂದೆ.