ಉಜ್ಜಿನಪ್ಪ ಮೇಷ್ಟರು ಬನ್ನಿಯ ದಿನ ಓದಿದ ಅಧ್ಯಾಯಗಳು

ಕಂಪ್ಲಿಯ ನಮ್ಮ ಓಣಿಯಲ್ಲಿ ಉಜ್ಜಿನಪ್ಪ ಮೇಷ್ಟರು ಕಾದಂಬರಿ ಬರೆಯುತ್ತಿದ್ದರು. ಅದು ಅಚ್ಚಾಗಿರಲಿಲ್ಲ. ವರ್ಷಕ್ಕೊಮ್ಮೆ ವಿಜಯದಶಮಿಯ ಸಂಜೆ, ಜನರು ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬಿದ್ದು ಮುಗಿದ ಮೇಲೆ, ಮೇಷ್ಟರು ತಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಆ ವರ್ಷ ಏನು ಓದಿದೆ, ಎಷ್ಟು ಬರೆದೆ ಎಂದು ಹೇಳಿ, ಹೊಸ ಅಧ್ಯಾಯವನ್ನು ಓದುತ್ತಿದ್ದರು. ಹತ್ತು ಹನ್ನೆರಡು ಮಂದಿ ಸೇರುತ್ತಿದ್ದರು. ಬೆಲ್ಲದಂಗಡಿಯ ಮೂಕಣ್ಣ ಒಂದು ವರ್ಷವೂ ತಪ್ಪಿಸಿದವನಲ್ಲ.

೧೯೩೬ರ ದಸರೆಗೆ ಮೇಷ್ಟರ ಅತ್ತೆ ಭರಮಮ್ಮ ಹೊಸಪೇಟೆಯಿಂದ ಮಗಳ ಮನೆಗೆ ಬಂದಿದ್ದಳು. ಆ ವರ್ಷ ಮೇಷ್ಟರು ಓದಿದ್ದು ಮೂರು ಪುಸ್ತಕ, ಅದರಲ್ಲಿ ಎರಡು ತೆಲುಗಿನವು. ಎರಡರಲ್ಲೂ ನಾಯಕಿ ಸಾಯುತ್ತಾಳೆ, ಯಾಕೆ ಸತ್ತಳೆಂದು ಬರೆದವರಿಗೇ ಗೊತ್ತಿಲ್ಲ ಎಂದರು.

"ನಿಮ್ಮದ್ರಾಗ ಯಾರನ್ನ ಕೊಂದೀರಿ, ಮೇಷ್ಟ್ರ?" ಎಂದು ಮೂಕಣ್ಣ ಕೇಳಿದ. ಎಲ್ಲರೂ ನಕ್ಕರು.

"ಒಂದು ಕೂಸನ್ನ," ಎಂದು ಮೇಷ್ಟರು ಓದತೊಡಗಿದರು.

ಒಬ್ಬ ಹುಡುಗಿ ತಮ್ಮನನ್ನು ಎತ್ತಿಕೊಂಡು ಕಾಲುವೆಯ ದಂಡೆಗೆ ಹೋಗುತ್ತಾಳೆ. ಕೂಸನ್ನು ಕೆಳಗಿಳಿಸಿ ಹುಣಸೆಕಾಯಿ ಬಡಿಯುತ್ತಾಳೆ. ಕೂಸು ನೀರಿಗೆ ಬೀಳುತ್ತದೆ. ಹುಡುಗಿ ಮನೆಗೆ ಓಡಿಬಂದು, ಕೂಸು ಅಜ್ಜಿಯ ಹತ್ತಿರ ಇತ್ತು ಎಂದು ಸುಳ್ಳು ಹೇಳುತ್ತಾಳೆ. ಅಜ್ಜಿಗೆ ಕಣ್ಣು ಮಂಜು, ಮರೆವು ಬೇರೆ. ಇರಲಿಲ್ಲ ಎನ್ನಲು ಅವಳಿಗೇ ಧೈರ್ಯ ಬರುವುದಿಲ್ಲ. ಸೊಸೆ, ಆ ಕೂಸಿನ ತಾಯಿ, ಅವಳನ್ನು ದನದ ಕೊಟ್ಟಿಗೆಗೆ ಹಾಕುತ್ತಾಳೆ. ಒಂಬತ್ತು ವರ್ಷ ಅಲ್ಲೇ ಇದ್ದು ಅಜ್ಜಿ ಸಾಯುತ್ತಾಳೆ.

ಮೇಷ್ಟರು ಹೆಸರುಗಳನ್ನು ಬದಲಿಸಿದ್ದರು. ಬೇರೆ ಏನನ್ನೂ ಬದಲಿಸಿರಲಿಲ್ಲ. ಆ ಹುಡುಗಿ ಅವರ ಹೆಂಡತಿ ಜಂಬವ್ವ. ಮೊದಲ ಬಸಿರು ನಿಲ್ಲದೆ ಹೋದಾಗ, ತನಗೆ ತಟ್ಟಿದ್ದು ಅಜ್ಜಿಯ ಶಾಪವೆಂದು ಅತ್ತು, ಅವಳು ಇದನ್ನು ಗಂಡನೊಬ್ಬನಿಗೇ ಹೇಳಿದ್ದಳು. ಅಜ್ಜಿಯನ್ನು ಕೊಟ್ಟಿಗೆಗೆ ಹಾಕಿದ ಸೊಸೆ ಭರಮಮ್ಮ. ಅವಳು ಬಾಗಿಲ ಒಳಗೆ ಕೂತು ಎಲ್ಲವನ್ನೂ ಕೇಳಿದಳು.

ಭರಮಮ್ಮ ಕೂಗಾಡಲಿಲ್ಲ. ಮರುದಿನ ಬೆಳಿಗ್ಗೆ ಮೋಟಾರು ಹತ್ತುವಾಗ ಮಗಳಿಗೆ ಒಂದೇ ಮಾತು ಹೇಳಿದಳು: "ನನ್ನ ಮಣ್ಣಿಗೆ ಬರಬ್ಯಾಡ."

ಜಂಬವ್ವ ಮನೆಗೆ ಬಂದಾಗ ಮೇಷ್ಟರು, ಅವ್ವ ಹೋಗುವಾಗ ಏನಂದಳೆಂದು ಕೇಳಿದರು. ಅವಳು ಹೇಳಿದಳು. "ಭಾಳ ಚಲೋ ಮಾತು," ಎಂದು ಮೇಷ್ಟರು ಬರೆದುಕೊಂಡರು.

ಆಮೇಲೆ ಜಂಬವ್ವ ಮೂರು ಸಲ ಹೊಸಪೇಟೆಗೆ ಹೋದಳು. ಮೂರು ಸಲವೂ ಅಣ್ಣ ಪಡಸಾಲೆಯಲ್ಲಿ ಕೂರಿಸಿ ನೀರು ಕೊಟ್ಟು ಕಳಿಸಿದ. ಅವ್ವ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತಂತೆ.

ಮರುವರ್ಷ ಶ್ರಾವಣದಲ್ಲಿ ಭರಮಮ್ಮ ತೀರಿಕೊಂಡ ಸುದ್ದಿ ಬಂತು. ಜಂಬವ್ವ ಬಾಗಿಲವರೆಗೆ ಹೋಗಿ ತಿರುಗಿ ಬಂದು ಕೂತಳು. "ನೀವಾದ್ರೂ ಹೋಗಿ ಅವ್ವನ ಮಾರಿ ನೋಡ್ಕೊಂಡು ಬರ್ರಿ," ಎಂದಳು. ಅವ್ವನ ಸಿಟ್ಟು ಇಳಿದಿತ್ತೋ ಇಲ್ಲವೋ, ಅಷ್ಟು ಅವಳಿಗೆ ತಿಳಿಯಬೇಕಿತ್ತು.

ಮೇಷ್ಟರು ಹೋಗಿ ಬಂದರು. ಅವಳು ಏನು ಕೇಳಿದರೂ, ಬರೆಯುತ್ತಿದ್ದೇನೆ, ಈಗಲೇ ಬಾಯಲ್ಲಿ ಹೇಳಿದರೆ ಬರಹ ಸಪ್ಪಗಾಗುತ್ತದೆ, ಬನ್ನಿಯ ದಿನ ಕೇಳು ಎಂದರು. ಅವಳು ಎರಡು ತಿಂಗಳು ಕಾದಳು.

ಆ ವಿಜಯದಶಮಿಯ ಸಂಜೆ ಜಂಬವ್ವ ಮೊದಲ ಬಾರಿಗೆ ಹೊರಗೆ ಬಂದು ಕಟ್ಟೆಯ ಕೆಳಗೆ ಕೂತಳು. ಮೇಷ್ಟರು ಮೊದಲು ಆ ವರ್ಷದ ನಾಲ್ಕು ಪುಸ್ತಕಗಳ ವಿಚಾರ ಹೇಳಿದರು. ಒಂದೊಂದರ ಕಥೆಯನ್ನೂ ಬಿಡಿಸಿ ಬಿಡಿಸಿ ಹೇಳಿದರು. ಆಮೇಲೆ ಕೊನೆಯ ಅಧ್ಯಾಯ. ಸತ್ತ ತಾಯಿಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದಾರೆ. ಮುಖದಲ್ಲಿ ಸಿಟ್ಟಿಲ್ಲ. ತುಟಿ ತುಸು ತೆರೆದಿದೆ, ಮಗಳನ್ನು ಕರೆಯುವ ಹಾಗೆ.

ಮೂಕಣ್ಣ ಕೂಡ ಕಣ್ಣೊರೆಸಿಕೊಂಡ. ಜಂಬವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. "ಹಂಗ ಇತ್ತೇನ್ರಿ? ನನ್ನ ಕರದಂಗ?" ಎಂದು ಕೇಳಿದಳು.

ಮೇಷ್ಟರಿಗೆ ಹಿಗ್ಗು ತಡೆಯಲಾಗಲಿಲ್ಲ. "ನಾ ಎಲ್ಲಿ ನೋಡೀನಿ? ಪುಸ್ತಕದಂಗಡ್ಯಾಗ ಹೊತ್ತಾತು. ನಾ ಹೋಗೂದ್ರಾಗ ಮಣ್ಣು ಮುಚ್ಚಿದ್ರು," ಎಂದರು. ಆಮೇಲೆ ಕೂತವರ ಕಡೆ ತಿರುಗಿದರು.

"ನೋಡ್ರಿ, ಮನಿಯಾಕಿನೂ ನಂಬಿಬಿಟ್ಲು."