ಹ್ಯಾರಿ ಮುಚ್ಚಿಟ್ಟಿದ್ದ ಐದು ಹೆಜ್ಜೆ

2004ರಲ್ಲಿ ನಾನು ಡೆಟ್ರಾಯಿಟ್ ಸುತ್ತಮುತ್ತ ಮನೆಮನೆಗೆ ಹೋಗುವ ಫಿಸಿಯೋಥೆರಪಿಸ್ಟ್ ಆಗಿದ್ದೆ. ಸ್ಟ್ರೋಕ್ ಆದವರನ್ನು ಮತ್ತೆ ನಡೆಸುವುದು ನನ್ನ ಕೆಲಸ. ಹಿಂದಿನ ವರ್ಷವಷ್ಟೇ ಅರೋರಾ ಎಂಬ ಊರಿನಲ್ಲಿದ್ದ ಅಣ್ಣ ತೀರಿಕೊಂಡಿದ್ದ. ಅತ್ತಿಗೆ ನಗುವುದನ್ನೇ ಬಿಟ್ಟಿದ್ದರು. ಅವರೆದುರು ಅಣ್ಣನ ಹೆಸರೆತ್ತಬಾರದೆಂದು ನಾವೆಲ್ಲ ಮಾತಾಡಿಕೊಂಡಿದ್ದೆವು. ಅತ್ತುಬಿಟ್ಟರೆ ಎಂಬ ಭಯ, ಅಷ್ಟೆ.

ಆಗಿನ ನನ್ನ ಪೇಶಂಟ್ ಹ್ಯಾರಿ, ಎಪ್ಪತ್ತೆಂಟರ ಯಹೂದಿ ಮುದುಕ. ಬಾಯಿ ಬಲು ಜೋರು. ಎಂಟು ತಿಂಗಳು, ವಾರಕ್ಕೆ ಮೂರು ಸಲ, ವಾಕರ್ ಹಿಡಿಸಿ ನಡೆಸಿದೆ. ಎರಡನೇ ಸ್ಟ್ರೋಕ್‌ಗೆ ಹೋಗಿಬಿಟ್ಟರು.

ಯಹೂದಿಗಳಲ್ಲಿ ಮಣ್ಣು ಮಾಡಿದ ಮೇಲೆ ಮನೆಯವರು ಏಳು ದಿನ ತಗ್ಗು ಕುರ್ಚಿಯಲ್ಲಿ ಕೂತು ಶೋಕ ಆಚರಿಸುತ್ತಾರೆ. ಅದಕ್ಕೆ ‘ಶಿವಾ’ ಎನ್ನುತ್ತಾರೆ. ನಮ್ಮ ಶಿವನಿಗೂ ಅದಕ್ಕೂ ಸಂಬಂಧವಿಲ್ಲ. ಬಾಗಿಲು ತೆರೆದೇ ಇರುತ್ತದೆ, ಬಂದವರು ಬೆಲ್ ಮಾಡುವುದಿಲ್ಲ. ಆ ದಿನಗಳಲ್ಲಿ ಹ್ಯಾರಿ ಮನೆಗೆ ಹೋದ ನಾನು ಮಾಡಿದೆ! ಸಾಲದ್ದಕ್ಕೆ, ಹ್ಯಾರಿಯ ಹೆಸರು ಎಲ್ಲಿ ಬಾಯಿತಪ್ಪಿ ಬಂದೀತೋ ಎಂದು, ಅವರ ಹೆಂಡತಿ ರೂತ್ ಎದುರು ಕೂತು ಚಳಿ, ರಸ್ತೆ ರಿಪೇರಿ ಎಂದು ವಟವಟ ಶುರುಮಾಡಿದೆ.

ರೂತ್ ಕೈಯೆತ್ತಿ ತಡೆದರು. “ರಸ್ತೆ ವಿಷಯ ರೇಡಿಯೋದಲ್ಲಿ ಬರುತ್ತೆ. ಇಲ್ಲಿಗೆ ಬಂದವರು ಹೋದವರ ಕಥೆ ಹೇಳಬೇಕು. ಕಣ್ಣು ಮುಚ್ಚಿದರೆ ನನಗೆ ಆಸ್ಪತ್ರೆ ಹಾಸಿಗೆಯ ಹ್ಯಾರಿ ಮಾತ್ರ ಕಾಣ್ತಾನೆ. ನಿನ್ನ ಹತ್ತಿರ ಬೇರೆ ಹ್ಯಾರಿ ಇದ್ದಾನಾ?”

ಇದ್ದ. ಗುಟ್ಟಾಗಿಡು ಎಂದು ಹ್ಯಾರಿ ಹೇಳಿದ್ದರು, ಆದರೂ ಹೇಳಿಯೇಬಿಟ್ಟೆ. ರೂತ್ ಅಂಗಡಿಗೆ ಹೋದಾಗಲೆಲ್ಲ ಹ್ಯಾರಿ ಅಡುಗೆಮನೆಯಲ್ಲಿ ವಾಕರ್ ಬದಿಗಿಟ್ಟು, ನನ್ನ ಸೊಂಟ ಹಿಡಿದು ಡ್ಯಾನ್ಸ್ ಪ್ರಾಕ್ಟೀಸ್ ಮಾಡುತ್ತಿದ್ದರು. ಮೊಮ್ಮಗಳ ಮದುವೆಯಲ್ಲಿ ಹೆಂಡತಿಯೊಂದಿಗೆ ಕುಣಿಯಬೇಕೆಂಬ ಹಟ. ಐದು ಹೆಜ್ಜೆಯವರೆಗೆ ಬಂದಿದ್ದರು. “ನೀನು ಫ್ರಿಜ್ ಇದ್ದ ಹಾಗಿದೀಯ, ರೂತ್ ಥರ ತಿರುಗೋದು ಕಲಿ!” ಎಂದು ಬೈಯುತ್ತಿದ್ದರು.

ರೂತ್ ಬಿಕ್ಕಿ ಬಿಕ್ಕಿ ಅತ್ತರು. ಕೆಲಸ ಕೆಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ಅವರಿಗೆ ನಗು ಉಕ್ಕಿತು. ಮಗಳನ್ನು ಕರೆದು, “ನಿಮ್ಮಪ್ಪ ಏನು ಮಾಡಿದಾನೆ ಕೇಳು” ಎಂದು ನನ್ನಿಂದ ಮೂರು ಸಲ ಹೇಳಿಸಿದರು.

ಕ್ಯಾಂಟನ್‌ನಲ್ಲಿದ್ದ ನನ್ನ ಮನೆಗೆ ಬಂದವನೇ ಅತ್ತಿಗೆಗೆ ಫೋನ್ ಮಾಡಿದೆ.

“ಅತ್ತಿಗೆ, ನೀವು ಇಂಡಿಯಾದಿಂದ ಬರೋ ಮುಂಚೆ ಅಣ್ಣ ಹುಳಿ ಮಾಡೋಕೆ ಹೋಗಿ ಹೊಸ ಕುಕ್ಕರ್ ಸುಟ್ಟುಬಿಟ್ಟಿದ್ದ, ಗೊತ್ತಾ?”

“ಅಯ್ಯೋ, ಅವ್ರೇ ಸುಟ್ಟಿದ್ದಾ? ನಿನ್ನ ತಲೆಗೆ ಕಟ್ಟಿದ್ರಲ್ಲೋ! ಇಷ್ಟು ವರ್ಷ ನಿನ್ನನ್ನೇ ಬೈಕೊಂಡಿದೀನಿ!”

ನಕ್ಕರು. ಅತ್ತರು. “ಅವ್ರು ಹೋದ್ಮೇಲೆ ಯಾರೂ ಹೆಸರೇ ಎತ್ತಿಲ್ಲ ಮೂರ್ತಿ. ಎಲ್ಲರೂ ಮರ್ತೇಬಿಟ್ರು ಅಂದ್ಕೊಂಡಿದ್ದೆ” ಎಂದರು. ನನಗೆ ನಾಚಿಕೆಯಾಯಿತು.

ಪೇಶಂಟ್ ತೀರಿಕೊಂಡರೆ ಫೈಲ್ ಮುಚ್ಚುತ್ತೇವೆ. ಆದರೆ ಅವರಲ್ಲಿ ನಾವು ಕಂಡದ್ದು ಮನೆಯವರಿಗೆ ಸೇರಿದ್ದು. ಅದನ್ನು ಮುಟ್ಟಿಸುವವರೆಗೂ ಕೆಲಸ ಮುಗಿದಿಲ್ಲ. ನನಗಿದನ್ನು ಕಲಿಸಿದವರು ರೂತ್. ಅವತ್ತು ಅತ್ತಿಗೆ ಫೋನ್ ಇಡಲು ಬಿಡಲಿಲ್ಲ.

“ಇನ್ನೊಂದು ಹೇಳೋ” ಎಂದರು.